ಗೊಂಬೆಯ ಭಾರ ಯಾರ ಮೇಲೆ?

(ಕಲಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ನಮಸ್ಕಾರ. ಈ ಟ್ರಂಕನ್ನು ಗೇಟಿನಿಂದ ಮೂರನೇ ಮಹಡಿಗೆ ಹೊತ್ತು ತಂದ ಇಬ್ಬರು ಹುಡುಗರಿಗೆ ಮೊದಲು ಥ್ಯಾಂಕ್ಸ್. ಮೆಟ್ಟಿಲ ಮೇಲೆ ನೀವು ನನ್ನನ್ನು ಬೈದುಕೊಂಡಿದ್ದು ಕೇಳಿಸಿತು. ಬೈದದ್ದು ಸರಿಯಾಗಿಯೇ ಇದೆ. ಇವತ್ತು ನಾನು ಮಾತಾಡಲು ಬಂದಿರುವುದೂ ಅದರ ಬಗ್ಗೆಯೇ, ಭಾರದ ಬಗ್ಗೆ.

ನನ್ನ ಪರಿಚಯ ಮಾಡಿಕೊಡುವಾಗ ಮೇಷ್ಟ್ರು 'ಗೊಂಬೆ ವಿನ್ಯಾಸಕ' ಅಂದರು. ನಮ್ಮ ಬೀದಿಯಲ್ಲಿ ಹಾಗಂದರೆ ಯಾರಿಗೂ ತಿಳಿಯುವುದಿಲ್ಲ. 'ಗೊಂಬೆ ಮಾಡ್ತಾನಲ್ಲ, ಅವನು' ಅಂದರೆ ಮನೆ ತೋರಿಸುತ್ತಾರೆ. ನವರಾತ್ರಿ ಹತ್ತಿರ ಬಂತು ಅಂದರೆ ಪಟ್ಟದ ಗೊಂಬೆ ಇದೆಯಾ ಅಂತ ಫೋನು ಶುರು. ನಾನು ಮಾಡುವುದು ಕೂರಿಸುವ ಗೊಂಬೆ ಅಲ್ಲ, ಆಡಿಸುವ ಗೊಂಬೆ. ಕೂರಿಸುವ ಗೊಂಬೆಯ ಭಾರವನ್ನು ಹಲಗೆ ಹೊರುತ್ತದೆ. ಆಡಿಸುವ ಗೊಂಬೆಯ ಭಾರವನ್ನು ಒಬ್ಬ ಮನುಷ್ಯ ಹೊರಬೇಕು. ಒಂದು ಗಂಟೆ, ಎರಡು ಗಂಟೆ, ಹಿಂದೆಲ್ಲ ಬೆಳಗಾಗುವವರೆಗೆ.

ಒಂದು ಸಣ್ಣ ಪರೀಕ್ಷೆ ಮಾಡೋಣ. ಮುಂದಿನ ಸಾಲಿನ ಹಸಿರು ಶರ್ಟಿನವರೇ, ನೀವು ಬನ್ನಿ. ಇದು ಒಂದು ಲೀಟರ್ ನೀರಿನ ಬಾಟಲಿ. ಒಂದು ಕಿಲೋ. ಕೈಯನ್ನು ಮುಂದಕ್ಕೆ ನೇರವಾಗಿ ಚಾಚಿ ಇದನ್ನು ಹಿಡಿದು ನಿಲ್ಲಿ. ನಾನು ಮಾತಾಡುತ್ತಿರುತ್ತೇನೆ. ಕೈ ಇಳಿಸಬೇಕು ಅನ್ನಿಸಿದಾಗ ಇಳಿಸಿ, ನಾಚಿಕೆ ಬೇಡ.

ನಾನೂ ನಿಮ್ಮ ಹಾಗೆ ಕಲಾ ಶಾಲೆಯಿಂದ ಬಂದವನು. ಕಲಿತದ್ದು ಶಿಲ್ಪ. ಓದು ಮುಗಿದ ವರ್ಷ ಒಂದು ಸೂತ್ರದ ಗೊಂಬೆ ತಂಡದವರು ಹೊಸ ಘಟೋತ್ಕಚ ಬೇಕು ಅಂದರು. ಹಳೆಯದು ಗೆದ್ದಲು ಹಿಡಿದಿತ್ತು. ನನಗೋ ಖುಷಿಯೋ ಖುಷಿ. ಎಲ್ಲಿಂದಲೋ ಒಳ್ಳೇ ತೇಗದ ದಿಮ್ಮಿ ಸಿಕ್ಕಿತು. ಒಂದು ತಿಂಗಳು ಕೂತು ಕೆತ್ತಿದೆ. ಕೋರೆಹಲ್ಲು, ಗಂಟಿಕ್ಕಿದ ಹುಬ್ಬು, ಅಗಲ ಎದೆ, ತೊಡೆಯ ಮಾಂಸಖಂಡ ಕೂಡ ಬಿಡಲಿಲ್ಲ. ಬಟ್ಟೆ ಹಾಕಿದ ಮೇಲೆ ತೊಡೆ ಯಾರಿಗೂ ಕಾಣುವುದಿಲ್ಲ ಅಂತ ಹೊಳೆಯಲೇ ಇಲ್ಲ.

ತಂಡದ ಹಿರಿಯರು, ಎಪ್ಪತ್ತು ದಾಟಿದವರು, ಸೂತ್ರ ಹಿಡಿದು ಎತ್ತಿದರು. ಇಳಿಸಿದರು. ಇನ್ನೊಂದು ಸಲ ಎತ್ತಿ, ಎರಡು ಹೆಜ್ಜೆ ನಡೆಸಿ, ಮತ್ತೆ ಇಳಿಸಿದರು. "ಮುಖ ಬಲು ಚೆನ್ನಾಗದೆ ಕಣಪ್ಪಾ. ಆದ್ರೆ ಇದನ್ನ ಆಡಿಸ್ಬೇಕೋ, ಹೊತ್ಕೊಂಡ್ ತಿರುಗ್ಬೇಕೋ?" ಅಂದರು.

"ತಾತ, ಅಭ್ಯಾಸ ಆದ್ಮೇಲೆ ಸರಿ ಹೋಗುತ್ತೆ" ಅಂದೆ. ಎಂಥ ಅಹಂಕಾರ ನೋಡಿ. ಐವತ್ತು ವರ್ಷ ಗೊಂಬೆ ಆಡಿಸಿದವರಿಗೆ ಅಭ್ಯಾಸ ಮಾಡಿ ಅಂತ ಹೇಳಿದೆ.

ಅವರು ಒಳ್ಳೆಯವರು, ಆ ರಾತ್ರಿ ಅದನ್ನೇ ಆಡಿಸಿದರು. ಭಾಗವತರು ಘಟೋತ್ಕಚ ಗುಡುಗಿನಂತೆ ಬಂದ ಅಂತ ಹಾಡಿದರು. ನನ್ನ ಘಟೋತ್ಕಚ ನಿದ್ದೆಗಣ್ಣಿನಲ್ಲಿ ಬಚ್ಚಲಿಗೆ ಹೋಗುವವನ ಹಾಗೆ ಬಂದ. ಮೈ ಮುಂದಕ್ಕೆ ಬಂತು, ಕಾಲು ಹಿಂದೆ ಉಳಿಯಿತು. ಮದ್ದಳೆಯ ಪೆಟ್ಟು ಮುಗಿದ ಮೇಲೆ ಹೆಜ್ಜೆ ಬಿತ್ತು. ಮಕ್ಕಳು ನಕ್ಕರು. ಅವನ ಜೊತೆ ಯುದ್ಧಕ್ಕೆ ನಿಂತ ಕರ್ಣ ಮಾತ್ರ ಗಿರಗಿರ ತಿರುಗುತ್ತಿದ್ದ. ಆ ಕರ್ಣನ ಮೂಗು ಮುರಿದಿತ್ತು, ಬಣ್ಣ ಹೋಗಿತ್ತು, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲಿತ್ತು.

ಆಟ ಮುಗಿದ ಮೇಲೆ ಆ ಕರ್ಣನನ್ನು ಕೈಗೆ ತೆಗೆದುಕೊಂಡು ಬೆನ್ನು ತಿರುಗಿಸಿ ನೋಡಿದೆ. ಒಳಗೆಲ್ಲ ಕೊರೆದು ಟೊಳ್ಳು ಮಾಡಿದ್ದರು. ತಲೆಯೂ ಟೊಳ್ಳು. ತೊಡೆ ಇರಬೇಕಾದ ಜಾಗದಲ್ಲಿ ತೊಡೆಯೇ ಇಲ್ಲ, ಬಟ್ಟೆಯ ಪಟ್ಟಿ. ಅಂಗೈ ಮತ್ತು ಪಾದ ಮಾತ್ರ ಗಟ್ಟಿ ಮರ. ಆಗ ತಲೆಗೆ ಹೋಯಿತು. ಮಾಡಿದವರಿಗೆ ಭಾರ ಬೇಡವಾಗಿರಲಿಲ್ಲ. ಎಲ್ಲಿ ಬೇಕೋ ಅಲ್ಲಿ ಮಾತ್ರ ಇಟ್ಟಿದ್ದರು. ಪಾದ ಭಾರ ಇದ್ದರೆ ಕಾಲು ತಾನಾಗಿ ನೇರ ಇಳಿಯುತ್ತದೆ, ನೆಲಕ್ಕೆ ಬಿದ್ದಾಗ ಸದ್ದು ಬರುತ್ತದೆ. ಅಂಗೈ ಭಾರ ಇದ್ದರೆ ತೋಳು ಬೀಸಿದ ಮೇಲೂ ಒಂದು ಕ್ಷಣ ತೂಗುತ್ತದೆ. ನಡುವೆ ಇರುವುದೆಲ್ಲ ಹಗುರ.

ಓಹ್, ಬಾಟಲಿ ಇಳಿಯಿತು. ಎಷ್ಟು ಹೊತ್ತಾಯಿತು? ಎರಡು ನಿಮಿಷ ಚಿಲ್ಲರೆ. ಪರವಾಗಿಲ್ಲ, ನನಗೂ ಅಷ್ಟೇ ಆಗುವುದು. ಕೂತುಕೊಳ್ಳಿ. ಒಂದು ಕಿಲೋ, ಸುಮ್ನೆ ಹಿಡಿದು ನಿಂತದ್ದಕ್ಕೆ ಹೀಗೆ. ಅದನ್ನು ಕುಣಿಸಬೇಕು, ಅಳಿಸಬೇಕು, ಜಗಳ ಆಡಿಸಬೇಕು ಅಂದರೆ ಹೇಗಿರುತ್ತದೆ ಅಂತ ಯೋಚಿಸಿ.

ಅವತ್ತಿನಿಂದ ನಾನು ಬೇರೆಬೇರೆ ಊರಿನ ಗೊಂಬೆ ನೋಡಿದಾಗಲೆಲ್ಲ ಇದರ ಭಾರ ಯಾರ ಮೇಲಿದೆ ಅಂತ ನೋಡುತ್ತೇನೆ. ಮುಖ ಆಮೇಲೆ.

ರಾಜಸ್ಥಾನದ ಕಠಪುತ್ಲಿ ನೀವೆಲ್ಲ ನೋಡಿದ್ದೀರಿ. ಅಂಗಡಿಯಲ್ಲಿ ನೇತು ಹಾಕಿರುತ್ತಾರೆ, ರಾಜ ರಾಣಿ. ಅದಕ್ಕೆ ಕಾಲೇ ಇಲ್ಲ. ಉದ್ದ ಲಂಗದ ಒಳಗೆ ಏನೂ ಇಲ್ಲ. ಎರಡರಿಂದ ಐದು ದಾರ, ಅದೂ ಯಾವ ಕೋಲಿಗೂ ಕಟ್ಟಿಲ್ಲ, ನೇರ ಬೆರಳಿಗೇ ಸುತ್ತಿಕೊಳ್ಳುತ್ತಾರೆ. ಬೆರಳು ಹೊರುವಷ್ಟೇ ಭಾರ. ಅದಕ್ಕೇ ಆ ಗೊಂಬೆಗೆ ಅಷ್ಟೊಂದು ವೇಗ. ಕಾಲು ಯಾಕಿಲ್ಲ ಅಂತ ನೋಡುವವರು ಯಾರೂ ಕೇಳುವುದಿಲ್ಲ. ಲಂಗ ತೂಗಿದರೆ ಸಾಕು, ನಡೆದಳು ಅಂತ ನಮ್ಮ ಕಣ್ಣು ನಂಬಿಬಿಡುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ತಮಿಳುನಾಡಿನ ಬೊಮ್ಮಲಾಟ್ಟಂ. ನಮ್ಮ ದೇಶದ ಸೂತ್ರದ ಗೊಂಬೆಗಳಲ್ಲೇ ದೊಡ್ಡವು, ಭಾರದವು. ನಾಲ್ಕೂವರೆ ಅಡಿ ಎತ್ತರ, ಹತ್ತು ಕಿಲೋವರೆಗೆ ತೂಕ ಇರುವ ಗೊಂಬೆಗಳಿವೆ. ಹತ್ತು ಬಾಟಲಿ! ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಅವರು ಏನು ಮಾಡಿದರು ಗೊತ್ತಾ? ದಾರಗಳನ್ನು ಒಂದು ಕಬ್ಬಿಣದ ಬಳೆಗೆ ಕಟ್ಟಿ, ಆ ಬಳೆಯನ್ನು ಕಿರೀಟದ ಹಾಗೆ ಆಡಿಸುವವನ ತಲೆ ಮೇಲೆ ಇಟ್ಟರು. ಭಾರ ತಲೆಗೆ, ಕತ್ತಿಗೆ, ಬೆನ್ನಿಗೆ ಹೋಯಿತು. ಕೈಗಳು ಖಾಲಿಯಾದವು. ಆ ಖಾಲಿ ಕೈಯಲ್ಲಿ ಕಂಬಿ ಹಿಡಿದು ಗೊಂಬೆಯ ಕೈ ಆಡಿಸುತ್ತಾರೆ. ನೀರಿನ ಕೊಡ, ಹುಲ್ಲಿನ ಹೊರೆ ತಲೆ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದ ಜನಕ್ಕೆ ಇದು ಹೊಳೆಯುವುದು ಸಹಜ, ಅಲ್ವಾ? ಇನ್ನೊಂದು ವಿಷಯ ನೋಡಿ. ಆಡಿಸುವವನು ತಲೆ ಅಲ್ಲಾಡಿಸಿದರೆ ಗೊಂಬೆಯೂ ಅಲ್ಲಾಡುತ್ತದೆ. ಅವನು ಬಗ್ಗಿದರೆ ಅದೂ ಬಗ್ಗುತ್ತದೆ. ಭಾರ ಹೊರುವ ದಾರಿಯೇ ಗೊಂಬೆಗೆ ಜೀವ ಬರುವ ದಾರಿಯೂ ಆಯಿತು.

ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಗೊಂಬೆಯಾಟ ನೋಡಿದವರು ಇಲ್ಲಿ ಎಷ್ಟು ಜನ? ಮೂರು ಕೈ. ಕಡಿಮೆ ಆಯಿತು. ಹೋಗಿ ನೋಡಿ. ಕೊಗ್ಗ ಕಾಮತರು ದೇಶ ವಿದೇಶ ಸುತ್ತಿಸಿದ ಆಟ ಅದು, ಆಮೇಲೆ ಅವರ ಮಗ ಭಾಸ್ಕರ ಕೊಗ್ಗ ಕಾಮತರು ನಡೆಸಿಕೊಂಡು ಬಂದರು. ಅದು ಪೂರ್ತಿ ಯಕ್ಷಗಾನ. ವೇಷ, ಭಾಗವತಿಕೆ, ಚೆಂಡೆ ಎಲ್ಲ ಅದೇ. ಗೊಂಬೆ ಮಾಡುವವನಿಗೆ ಇಲ್ಲಿ ಒಂದು ತಲೆನೋವಿದೆ. ಯಕ್ಷಗಾನದ ವೇಷದ ಚಂದ ಇರುವುದು ತಲೆಯ ಮೇಲೆ, ಕಿರೀಟದಲ್ಲಿ. ಸಣ್ಣ ಮರದ ಗೊಂಬೆಯ ತಲೆ ಮೇಲೆ ಅಷ್ಟು ದೊಡ್ಡ ಕಿರೀಟ ಕೂರಿಸಿದರೆ ಮೇಲುಭಾಗ ಭಾರ ಆಗಿ ಕತ್ತು ಅತ್ತಿತ್ತ ವಾಲುತ್ತದೆ. ಹಾಗಂತ ಕಿರೀಟ ಸಣ್ಣದು ಮಾಡಿದರೆ ಕರಾವಳಿಯ ಜನ ಬಿಡುತ್ತಾರಾ? ಮರುದಿನ ಮೀನು ಮಾರ್ಕೆಟ್ಟಿನಲ್ಲೇ ವಿಮರ್ಶೆ ಆಗಿಹೋಗುತ್ತದೆ. ಕಿರೀಟವನ್ನು ದೊಡ್ಡದಾಗಿಯೇ ಇಟ್ಟು ಹಗುರ ಮಾಡಬೇಕು, ತಲೆಯ ದಾರ ಎಲ್ಲಿ ಬೀಳಬೇಕು ಅಂತ ಹುಡುಕಬೇಕು. ಕಿವಿಯಿಂದ ಅರ್ಧ ಇಂಚು ಹಿಂದೆ ಹೋದರೆ ವೀರ ಆಕಾಶ ನೋಡುತ್ತಾನೆ. ಅರ್ಧ ಇಂಚು ಮುಂದೆ ಬಂದರೆ ಕಾಸು ಕಳೆದುಕೊಂಡವನ ಹಾಗೆ ನೆಲ ನೋಡುತ್ತಾನೆ.

ಇನ್ನು ತೊಗಲು ಗೊಂಬೆ. ಇಲ್ಲಿ ಭಾರದ ಲೆಕ್ಕವೇ ಬೇರೆ. ಆಡಿನ ಚರ್ಮ ನೆನೆಸಿ, ಕೂದಲು ಹೆರೆದು, ಮೊಳೆ ಹೊಡೆದು ಬಿಗಿಯಾಗಿ ಒಣಗಿಸಿದರೆ ಹಪ್ಪಳದ ಹಾಗೆ ಬೆಳಕು ತೂರುವ ಹಾಳೆ ಆಗುತ್ತದೆ. ಅದರಲ್ಲಿ ಚಿತ್ರ ಬರೆದು, ಉಳಿಯಿಂದ ಕತ್ತರಿಸಿ, ಒಡವೆ ಇರುವ ಕಡೆ ತೂತು ಹೊಡೆದು, ಎರಡೂ ಕಡೆ ಬಣ್ಣ ಹಾಕಿ, ನಡುವೆ ಬಿದಿರಿನ ಸೀಳು ಕಟ್ಟುತ್ತಾರೆ. ತೂಕ ಏನೂ ಇಲ್ಲ. ಆದರೂ ನಮ್ಮ ತೊಗಲು ಗೊಂಬೆಯಲ್ಲಿ 'ಭಾರದವರು' ಇದ್ದಾರೆ. ರಾಜ, ದೇವರು ದೊಡ್ಡ ಅಳತೆ. ಆಳುಕಾಳು, ಸಾಮಾನ್ಯ ಜನ ಸಣ್ಣ ಅಳತೆ. ಪರದೆ ಮೇಲೆ ರಾವಣ ಬಂದರೆ ಜಾಗವೆಲ್ಲ ಅವನದೇ. ಆಮೇಲೆ ಆಟದ ಹಾಸ್ಯಗಾರ ಕಿಳ್ಳೇಕ್ಯಾತ ಬರುತ್ತಾನೆ. ಕರೀ ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು. ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ಅಳತೆಯಲ್ಲಿ ಸಣ್ಣವರು. ಅವರಿಬ್ಬರು ಬಾಯಿ ಬಿಟ್ಟರೆ ಅಷ್ಟು ದೊಡ್ಡ ದರ್ಬಾರು ಹಗುರವಾಗುತ್ತದೆ. ಆ ಆಟ ಆಡಿಸುವ ಜನಕ್ಕೇ ಅವನ ಹೆಸರು ಅಂಟಿಕೊಂಡಿದೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ಸುದ್ದಿ ಬಂದ ದಿನ ನಾನು ಕೆಲಸ ಬಿಟ್ಟು ಅವರ ಆಟದ ವಿಡಿಯೊ ನೋಡುತ್ತ ಕೂತೆ. ಅವರ ಮುಂದೆ ಕುಳಿತು ಕಲಿಯುವ ಭಾಗ್ಯ ನನಗೆ ಸಿಗಲಿಲ್ಲ. ತೊಗಲಿನ ಕೆಲಸ ಕೈಯಿಂದ ಕೈಗೆ ಹೋಗುವಂಥದ್ದು. ನನ್ನಂಥವರು ಹೊರಗೆ ನಿಂತು ನೋಡಿ ಕಲಿತದ್ದು ಅರೆಬರೆ. ಅದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೇನೆ.

ಈಗ ದೂರದ ಒಬ್ಬರ ಕತೆ ಹೇಳಬೇಕು. ಬೆತ್ತದ ಕೆಲಸಕ್ಕೆ ನಾನು ಕೈ ಹಾಕಿದ್ದೇ ಇವರಿಂದ. ಹೆಸರು ಏಡ್ರಿಯನ್ ಕೋಲರ್. ದಕ್ಷಿಣ ಆಫ್ರಿಕಾದವರು. ಅಪ್ಪ ಮರಗೆಲಸದವರು, ಅಮ್ಮನಿಗೆ ಗೊಂಬೆ ಆಡಿಸುವ ಹುಚ್ಚು. ಅಂದರೆ ಉಳಿ ಒಂದು ಕಡೆಯಿಂದ, ದಾರ ಒಂದು ಕಡೆಯಿಂದ. ಕಲಾ ಶಾಲೆಯಲ್ಲಿ ಓದಿ, 1981ರಲ್ಲಿ ಕೇಪ್ ಟೌನ್‌ನಲ್ಲಿ ಬೇಸಿಲ್ ಜೋನ್ಸ್ ಮತ್ತು ಇನ್ನಿಬ್ಬರು ಗೆಳೆಯರ ಜೊತೆ ಹ್ಯಾಂಡ್‌ಸ್ಪ್ರಿಂಗ್ ಅನ್ನುವ ಗೊಂಬೆ ಕಂಪನಿ ಕಟ್ಟಿದರು. ಮೊದಲು ಮಾಡಿದ್ದು ಏನು? ಶಾಲೆಯಿಂದ ಶಾಲೆಗೆ ಗಾಡಿಯಲ್ಲಿ ಹೋಗಿ ಮಕ್ಕಳಿಗೆ ಆಟ ತೋರಿಸಿದ್ದು. ನಾವೆಲ್ಲ ಮಾಡಿದ್ದೇ. ದೊಡ್ಡವರ ನಾಟಕಕ್ಕೆ ಬಂದದ್ದು ಕೆಲವು ವರ್ಷಗಳ ಮೇಲೆ. 1992ರಿಂದ ವಿಲಿಯಂ ಕೆಂಟ್ರಿಜ್ ಅನ್ನುವ ಚಿತ್ರಕಾರರ ಜೊತೆ ಕೆಲಸ ಮಾಡಿದರು. ಹಿಂದೆ ಇದ್ದಿಲಿನ ಚಿತ್ರಗಳ ಅನಿಮೇಷನ್, ಮುಂದೆ ಮರದ ಗೊಂಬೆ.

ಅವರ ಕೆಲಸದಲ್ಲಿ ನನಗೆ ತುಂಬ ಕಾಡಿದ್ದು 1997ರ ನಾಟಕದ ಸಾಕ್ಷಿ ಗೊಂಬೆಗಳು. ಹೆಸರು ಯುಬು ಅಂಡ್ ದ ಟ್ರೂತ್ ಕಮಿಷನ್. ಆಗಷ್ಟೇ ಅಲ್ಲಿ ವರ್ಣಭೇದದ ಆಡಳಿತ ಮುಗಿದಿತ್ತು. ಆ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಆಯೋಗ ಕೂತು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಸಾಕ್ಷಿ ಹೇಳುತ್ತಿದ್ದರು. ಆ ನಿಜವಾದ ಮಾತುಗಳನ್ನು ರಂಗದ ಮೇಲೆ ಯಾರು ಆಡಬೇಕು? ಒಬ್ಬ ನಟಿ ಅತ್ತು ತೋರಿಸಿದರೆ ನಟನೆ ಚೆನ್ನಾಗಿತ್ತು ಅಂತ ಚಪ್ಪಾಳೆ ಬೀಳುತ್ತದೆ. ಅದು ಆ ತಾಯಿಗೆ ಮಾಡಿದ ಅವಮಾನ. ಆ ಮಾತುಗಳನ್ನು ಅವರು ಗೊಂಬೆಗಳಿಗೆ ಕೊಟ್ಟರು. ಒರಟಾಗಿ ಕೆತ್ತಿದ ಮರದ ಮುಖ. ಮರಳುಕಾಗದ ಹಾಕಿ ನುಣುಪು ಮಾಡಲಿಲ್ಲ, ಉಳಿಯ ಗುರುತು ಹಾಗೇ ಬಿಟ್ಟರು. ಮುಖ ಸ್ವಲ್ಪ ತಿರುಗಿದರೂ ಆ ಗುರುತುಗಳ ಮೇಲೆ ಬೆಳಕು ಬದಲಾಗುತ್ತದೆ. ಮರ ಅಲ್ಲಾಡಲಿಲ್ಲ, ಮುಖಭಾವ ಬದಲಾಯಿತು. ನಾನು ಎಷ್ಟು ದಿನ ಘಟೋತ್ಕಚನ ಕೆನ್ನೆ ಉಜ್ಜಿ ಉಜ್ಜಿ ಹೊಳಪು ಮಾಡಿದ್ದೆನೋ ನೆನೆದು ನಾಚಿಕೆ ಆಯಿತು.

ಅದೇ ನಾಟಕದಲ್ಲಿ ಒಂದು ಮೊಸಳೆ ಇದೆ. ಅದರ ಹೊಟ್ಟೆ ಒಂದು ಕ್ಯಾನ್ವಾಸ್ ಚೀಲ. ನಾಟಕದ ಖಳ ಯುಬು ತನ್ನ ಪಾಪದ ಕಾಗದಪತ್ರಗಳನ್ನೆಲ್ಲ ಅದಕ್ಕೆ ತಿನ್ನಿಸುತ್ತಾನೆ. ಚೀಲ ಅಂದಮೇಲೆ ತುಂಬಲೇಬೇಕಲ್ಲ! ಹೊಟ್ಟೆಯನ್ನು ಹೊಟ್ಟೆಯ ಹಾಗೆ ಕೆತ್ತುವುದಕ್ಕಿಂತ ಹೊಟ್ಟೆಯ ಕೆಲಸ ಮಾಡುವ ವಸ್ತುವನ್ನೇ ತಂದು ಇಡುವುದು. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಿದ್ದರೆ ಇದನ್ನು ಬರೆದುಕೊಳ್ಳಿ.

2004ರಲ್ಲಿ ಮಾಲಿ ದೇಶದ ಸೊಗೊಲೊನ್ ಗೊಂಬೆ ತಂಡದ ಜೊತೆ ಸೇರಿ ಜಿರಾಫೆಯ ಕತೆ ಮಾಡಿದರು. ಈಜಿಪ್ಟಿನ ದೊರೆ ಫ್ರಾನ್ಸಿನ ರಾಜನಿಗೆ ಉಡುಗೊರೆಯಾಗಿ ಕಳಿಸಿದ ಜಿರಾಫೆ, 1827ರಲ್ಲಿ ಪ್ಯಾರಿಸ್ ಮುಟ್ಟಿತ್ತು. ಗೊಂಬೆ ಜಿರಾಫೆಯ ಒಳಗೆ ಇಬ್ಬರು ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದರು. ಇದನ್ನು ನೋಡಿಯೇ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಟಾಮ್ ಮಾರಿಸ್ ಅವರಿಗೆ ಕುದುರೆಯ ಯೋಚನೆ ಬಂತು. ಆ ಕುದುರೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ವಾರ್ ಹಾರ್ಸ್ ನಾಟಕದ ಜೋಯಿ. 2007ರ ಅಕ್ಟೋಬರಿನಲ್ಲಿ ರಂಗಕ್ಕೆ ಬಂತು. 2011ರಲ್ಲಿ ನ್ಯೂಯಾರ್ಕಿಗೆ ಹೋಗಿ ಹ್ಯಾಂಡ್‌ಸ್ಪ್ರಿಂಗ್‌ಗೆ ವಿಶೇಷ ಟೋನಿ, ಅಂದರೆ ಅಲ್ಲಿನ ರಂಗಭೂಮಿಯ ದೊಡ್ಡ ಪ್ರಶಸ್ತಿ, ಬಂತು. ಅದೆಲ್ಲ ಇರಲಿ. ನಾನು ಹೇಳಬೇಕಾದ್ದು ಕುದುರೆಯ ಒಳಗಿನದು.

ಕೋಲರ್ ಮುಂದಿದ್ದ ಲೆಕ್ಕ ಹೀಗಿತ್ತು. ನಿಜವಾದ ಕುದುರೆಯ ಅಳತೆ ಬೇಕು. ಅದು ನಡೆಯಬೇಕು, ಓಡಬೇಕು. ಮೇಲೆ ಒಬ್ಬ ನಟ ಹತ್ತಿ ಕೂರಬೇಕು. ಹೊರುವವರು ಮನುಷ್ಯರು. ಮರದಲ್ಲಿ ಮಾಡಿದರೆ ಮುಗಿಯಿತು ಕತೆ. ಮೈಯನ್ನು ಬೆತ್ತದಲ್ಲಿ ಮಾಡಿದರು. ಬೆತ್ತವನ್ನು ನೆನೆಸಿ ಬಗ್ಗಿಸಿ ಬುಟ್ಟಿಯ ಹಾಗೆ ಎದೆಗೂಡು, ಕತ್ತು, ತೊಡೆ ಕಟ್ಟಿದರು. ಅದರ ಮೇಲೆ ತೆಳ್ಳನೆ ಜಾರ್ಜೆಟ್ ಬಟ್ಟೆ. ಹೌದು, ಸೀರೆಯ ಜಾರ್ಜೆಟ್ಟೇ. ಬೆನ್ನಿಗೆ ಮಾತ್ರ ಅಲ್ಯೂಮಿನಿಯಂ ಕಟ್ಟು, ಯಾಕೆಂದರೆ ಸವಾರ ಕೂರುವುದು ಅಲ್ಲಿ. ಸವಾರನ ಭಾರ ಬೆತ್ತದ ಮೇಲೆ ಬೀಳುವುದೇ ಇಲ್ಲ. ಬೆನ್ನಿನ ಕಟ್ಟಿನ ಮೂಲಕ ಒಳಗಿರುವ ಇಬ್ಬರ ಹೆಗಲಿಗೆ ಇಳಿಯುತ್ತದೆ, ಅಲ್ಲಿಂದ ಅವರ ಕಾಲಿಗೆ. ಹತ್ತು ಕಿಲೋ ಗೊಂಬೆಯನ್ನು ತಲೆ ಮೇಲಿನ ಬಳೆಗೆ ಕಟ್ಟಿದವರ ಬುದ್ಧಿಯೂ ಇದೇ. ಇಬ್ಬರಿಗೂ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರಲಿಕ್ಕಿಲ್ಲ.

ಆಡಿಸುವವರು ಮೂರು ಜನ. ಅವರನ್ನು ತಲೆ, ಎದೆ, ಹಿಂಗಾಲು ಅಂತಲೇ ಕರೆಯುತ್ತಾರೆ. ತಲೆಯವರು ಹೊರಗೆ ನಿಲ್ಲುತ್ತಾರೆ. ಎದೆಯವರು ಒಳಗೆ, ಮುಂಗಾಲುಗಳು ಮತ್ತು ಉಸಿರು ಅವರದು. ಅವರು ಮೊಣಕಾಲು ಸ್ವಲ್ಪ ಮಡಿಸಿ ಎದ್ದರೆ ಕುದುರೆಯ ಎದೆ ಉಬ್ಬಿ ಇಳಿಯುತ್ತದೆ. ಹಿಂದಿನವರಿಗೆ ಹಿಂಗಾಲು, ಬಾಲ. ಕಿವಿ ಅಲ್ಲಾಡಿಸಲು ಸೈಕಲ್ ಬ್ರೇಕಿನ ಕೇಬಲ್! ಹಿಡಿ ಒತ್ತಿದರೆ ಕಿವಿ ಹಿಂದಕ್ಕೆ. ಕುದುರೆ ಸಾಕಿದವರನ್ನು ಕೇಳಿ, ಕುದುರೆಗೆ ಸಿಟ್ಟು ಬಂತೋ ಹೆದರಿಕೆ ಆಯಿತೋ ಅಂತ ಮೊದಲು ಗೊತ್ತಾಗುವುದು ಕಿವಿಯಲ್ಲಿ. ಕಣ್ಣು ಅಲ್ಲಾಡಿಸುವ ಗೋಜಿಗೆ ಕೋಲರ್ ಹೋಗಲಿಲ್ಲ. ಎಷ್ಟೋ ಹೊಸಬರು, ನಾನೂ ಸೇರಿ, ಮೊದಲು ಮಾಡುವುದೇ ರೆಪ್ಪೆ ಬಡಿಯುವ ಕಣ್ಣು. ಅದರ ಯಂತ್ರ ತಲೆಯ ಒಳಗೆ ಕಾಲು ಕಿಲೋ ತಿನ್ನುತ್ತದೆ, ಐದನೇ ಸಾಲಿನಲ್ಲಿ ಕೂತವರಿಗೆ ಕಾಣುವುದೂ ಇಲ್ಲ.

ಕುದುರೆಯ ಹೊಟ್ಟೆಯೊಳಗೆ ಮನುಷ್ಯರ ಕಾಲು ಚೆನ್ನಾಗಿ ಕಾಣುತ್ತದೆ. ಮುಚ್ಚಿಡುವ ಪ್ರಯತ್ನವೇ ಇಲ್ಲ. ಮುಚ್ಚಬೇಕಾದರೆ ಬಟ್ಟೆ ಜಾಸ್ತಿ, ಬಟ್ಟೆ ಜಾಸ್ತಿ ಆದರೆ ಭಾರ ಜಾಸ್ತಿ, ಒಳಗೆ ಸೆಕೆ ಜಾಸ್ತಿ. ಜಪಾನಿನ ಬುನ್ರಾಕು ಆಟದಲ್ಲೂ ಹೀಗೆಯೇ. ಒಂದು ಗೊಂಬೆಗೆ ಮೂವರು, ಎಲ್ಲರೂ ಕಣ್ಣೆದುರಿಗೇ. ತಲೆ ಮತ್ತು ಬಲಗೈ ಒಬ್ಬರದು, ಎಡಗೈ ಇನ್ನೊಬ್ಬರದು, ಕಾಲು ಮೂರನೆಯವರದು. ಸ್ವಲ್ಪ ಹೊತ್ತಿಗೆ ನಮ್ಮ ಕಣ್ಣು ಅವರನ್ನು ಬಿಟ್ಟು ಗೊಂಬೆಯನ್ನು ಮಾತ್ರ ನೋಡುತ್ತದೆ.

ಇದನ್ನೆಲ್ಲ ನೋಡಿ ನಾನೂ ಒಂದು ಕೋಣ ಮಾಡಲು ಹೊರಟೆ. ಮಹಿಷಾಸುರನ ಕತೆಗೆ. ಬೆತ್ತ ಬಗ್ಗಿಸಲು ಬಾರದು. ರಸ್ತೆ ಬದಿಯಲ್ಲಿ ಬೆತ್ತದ ಕುರ್ಚಿ, ಉಯ್ಯಾಲೆ ಮಾರುತ್ತಾರಲ್ಲ, ಅಂಥ ಒಬ್ಬರ ಹತ್ತಿರ ಹದಿನೈದು ದಿನ ಕೂತೆ. "ಏನ್ ಸಾರ್, ಕುರ್ಚಿ ಮಾಡ್ತೀರಾ?" ಅಂದರು. "ಇಲ್ಲ, ಕೋಣ" ಅಂದೆ. ಒಂದು ನಿಮಿಷ ನನ್ನ ಮುಖ ನೋಡಿದರು. ಆಮೇಲೆ ತುಂಬ ಪ್ರೀತಿಯಿಂದ ಕಲಿಸಿದರು. ಗ್ಯಾಸ್ ಬರ್ನರಿನ ಉರಿಯನ್ನು ಬೆತ್ತದ ಉದ್ದಕ್ಕೂ ಓಡಿಸುತ್ತ ಬಗ್ಗಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ಸುಟ್ಟು ಕಪ್ಪಾಗುತ್ತದೆ. ಬಗ್ಗಿದ ಮೇಲೆ ಒದ್ದೆ ಬಟ್ಟೆ ಸುತ್ತಿ ಹಿಡಿದರೆ ಹಾಗೇ ನಿಲ್ಲುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಬೇಕು, ಯಾಕೆಂದರೆ ಬೆತ್ತ ಬಿಟ್ಟ ಮೇಲೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಈ ಕೊನೆಯ ಮಾತನ್ನು ಅವರು ಬಾಯಲ್ಲಿ ಹೇಳಲಿಲ್ಲ. ಮೂರು ಪಕ್ಕೆಲುಬು ಹಾಳಾದ ಮೇಲೆ ನಾನೇ ತಿಳಿದೆ.

ಕೋಣದ ನಡಿಗೆ ನೋಡಲು ಊರಿಗೆ ಹೋಗಿ ಎರಡು ದಿನ ಎಮ್ಮೆ ಕೋಣಗಳ ಹಿಂದೆ ಫೋನು ಹಿಡಿದು ಓಡಾಡಿದೆ. ಅತ್ತೆ ನೋಡಿ ನಕ್ಕರು. "ಓದಿಸಿದ್ದು ಇದಕ್ಕಾ?" ಆದರೆ ಅಲ್ಲೊಂದು ವಿಷಯ ಸಿಕ್ಕಿತು. ಕೋಣ ನಡೆಯುವಾಗ ತಲೆ ಹೆಗಲಿಗಿಂತ ಕೆಳಗೆ ತೂಗುತ್ತಿರುತ್ತದೆ. ಹೆಜ್ಜೆಗೊಮ್ಮೆ ಕುದುರೆಯ ಹಾಗೆ ಮೇಲೆದ್ದು ನೋಡುವುದಿಲ್ಲ. ನನ್ನ ಮೊದಲ ಚಿತ್ರದಲ್ಲಿ ಕೋಣ ತಲೆ ಎತ್ತಿ ನಿಂತಿತ್ತು, ಕ್ಯಾಲೆಂಡರಿನ ಮಹಿಷನ ಹಾಗೆ. ತಲೆ ಕೆಳಗೆ ಇಳಿಸಿದೆ. ಇಳಿಸಿದ ಕೂಡಲೇ ಎರಡು ಲಾಭ ಆಯಿತು. ಕೋಣ ಕೋಣ ಅನ್ನಿಸಿತು. ತಲೆ ಹಿಡಿಯುವವನ ಕೈ ಸೊಂಟದ ಮಟ್ಟಕ್ಕೆ ಬಂತು, ನೋವು ಹೋಯಿತು.

ಈಗ ನನ್ನ ಕೆಲಸದ ಕ್ರಮ ಹೇಳಿ ಎಂದರೆ ಹೀಗೆ. ನಾಟಕ ಓದುತ್ತೇನೆ. ಈ ಪಾತ್ರ ಮೈಯಲ್ಲಿ ಏನೇನು ಮಾಡುತ್ತದೆ ಅಂತ ಪಟ್ಟಿ ಬರೆಯುತ್ತೇನೆ. ಬಗ್ಗುತ್ತದಾ, ಕೂರುತ್ತದಾ, ಏನಾದರೂ ಎತ್ತುತ್ತದಾ. ಪಟ್ಟಿಯಲ್ಲಿ ಇಲ್ಲದ ಕೀಲು ಗೊಂಬೆಯಲ್ಲೂ ಇರುವುದಿಲ್ಲ. ಒಂದು ಕೀಲು ಹೆಚ್ಚಾದರೆ ಹಿಡಿಯಬೇಕಾದ ದಾರ ಒಂದು ಹೆಚ್ಚು. ಆಮೇಲೆ ನಿಜ ಅಳತೆಯಲ್ಲಿ ಪಕ್ಕದ ನೋಟದ ಚಿತ್ರ, ಗೋಡೆ ಮೇಲೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ಕಚ್ಚಾ ಗೊಂಬೆ. ಅದನ್ನು ಆಡಿಸುವವರ ಕೈಗೇ ಕೊಡುತ್ತೇನೆ. ಅವರ ಎತ್ತರ, ಅವರ ಹೆಗಲು, ಅವರ ಹಳೇ ಬೆನ್ನುನೋವು ಎಲ್ಲ ನನ್ನ ಅಳತೆಪಟ್ಟಿಯೊಳಗೆ ಬರುತ್ತದೆ. ದರ್ಜಿಯೂ ಇಷ್ಟು ಕೇಳುವುದಿಲ್ಲ. ಕೆತ್ತುವುದಿದ್ದರೆ ಹಾಲೆ ಮರ. ಚನ್ನಪಟ್ಟಣದ ಆಟಿಕೆಗೆ ಬಳಸುವುದೇ. ಹಗುರ, ಉಳಿಗೆ ಬೆಣ್ಣೆಯ ಹಾಗೆ. ಮೊಣಕಾಲಿನ ಕೀಲಿಗೆ ಹಳೇ ಬೆಲ್ಟಿನ ಚರ್ಮ. ಅದು ಒಂದೇ ಕಡೆ ಮಡಿಯುವ ಹಾಗೆ ಮುಂದೆ ಒಂದು ಮರದ ತಡೆ. ತಡೆ ಮರೆತರೆ ಕಾಲು ಕೊಕ್ಕರೆಯ ಹಾಗೆ ಉಲ್ಟಾ ಮಡಿಯುತ್ತದೆ. ಒಮ್ಮೆ ಮರೆತಿದ್ದೆ. ರಾಮ, ಪಾಪ.

ಪ್ರತಿ ಹಂತದಲ್ಲೂ ತೂಗುತ್ತೇನೆ. ಅಡುಗೆಮನೆಯ ತಕ್ಕಡಿ ಈಗ ಪೂರ್ತಿ ನನ್ನ ರೂಮಿನಲ್ಲೇ ಇದೆ. ಮನೆಯಲ್ಲಿ ಹಿಟ್ಟನ್ನು ಅಂದಾಜಿನಲ್ಲಿ ಹಾಕುತ್ತಾರೆ.

ಬದುಕಿನ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಬರೀ ಗೊಂಬೆ ನಾಟಕದಿಂದ ನನ್ನ ಮನೆ ನಡೆದಿಲ್ಲ. ಶಾಲೆಗಳಲ್ಲಿ ಶಿಬಿರ ಮಾಡಿದ್ದೇನೆ. ಜಾಹೀರಾತಿಗೆ ಮಾತಾಡುವ ಹಲ್ಲು ಮಾಡಿಕೊಟ್ಟಿದ್ದೇನೆ. ಮದುವೆ ಮಂಟಪಕ್ಕೆ ಆನೆ ಮಾಡಿದ್ದೇನೆ, ಅದು ಆಡುವುದೂ ಇಲ್ಲ ಅಲ್ಲಾಡುವುದೂ ಇಲ್ಲ, ಆದರೆ ದುಡ್ಡು ಸರಿಯಾಗಿ ಬಂತು. ಒಂದು ಕಾರ್ಯಕ್ರಮದವರು ಬೆತ್ತದ ಕೋಣವನ್ನು ಬಾಡಿಗೆಗೆ ಒಯ್ದು, ಆಟ ಮುಗಿದ ಮೇಲೆ ರಾತ್ರಿಯೆಲ್ಲ ಮಳೆಯಲ್ಲಿ ಬಿಟ್ಟರು. ಬೆಳಿಗ್ಗೆ ಹೋದಾಗ ಹೊಟ್ಟೆ ಜೋತುಬಿದ್ದಿತ್ತು, ಬೆತ್ತದ ಕಟ್ಟೆಲ್ಲ ಸಡಿಲ. "ಗೊಂಬೆ ತಾನೆ" ಅಂದರು. ಅವತ್ತು ಸಿಟ್ಟು ಬಂತು. ಈಗ ಯಾರಿಗೆ ಕೊಟ್ಟರೂ ಒಂದು ಟಾರ್ಪಾಲು ಮತ್ತು ಒಬ್ಬ ಹುಡುಗನನ್ನು ಜೊತೆಗೆ ಕಳಿಸುತ್ತೇನೆ. ಅವರಿಬ್ಬರ ಬಾಡಿಗೆ ಬೇರೆ.

ಕರಪತ್ರದಲ್ಲಿ ಹೆಸರು ಬರುತ್ತದಾ ಅಂತ ಕಳೆದ ಸಲ ಒಬ್ಬಳು ಕೇಳಿದ್ದಳು. ಕೆಲವು ಸಲ ಬರುತ್ತದೆ. 'ಧ್ವನಿ, ಬೆಳಕು, ಊಟೋಪಚಾರ' ಆದ ಮೇಲೆ.

ಮಾತು ಮುಗಿಸುವ ಮೊದಲು ಅಮಲ್ ಬಗ್ಗೆ ಹೇಳಲೇಬೇಕು. ಹ್ಯಾಂಡ್‌ಸ್ಪ್ರಿಂಗ್‌ನವರೇ ಮಾಡಿದ ಮೂರೂವರೆ ಮೀಟರ್ ಎತ್ತರದ ಹುಡುಗಿ. ಒಂಬತ್ತು ವರ್ಷದ ಸಿರಿಯಾದ ನಿರಾಶ್ರಿತೆ, ಅಮ್ಮನನ್ನು ಹುಡುಕಿಕೊಂಡು ಹೊರಟವಳು. 2021ರ ಜುಲೈಯಲ್ಲಿ ಸಿರಿಯಾದ ಗಡಿಯ ಹತ್ತಿರದ ತುರ್ಕಿ ಊರು ಗಾಜಿಯಾಂಟೆಪ್‌ನಿಂದ ಹೊರಟು, ನವೆಂಬರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ತಲುಪಿದಳು. 8000 ಕಿಲೋಮೀಟರ್ ದಾರಿ, ಬೀದಿ ಬೀದಿಯಲ್ಲಿ ನಡಿಗೆ. ಒಳಗೆ ಒಬ್ಬರು ಮರಗಾಲು ಕಟ್ಟಿಕೊಂಡು ನಡೆಯುತ್ತ ದಾರಗಳಿಂದ ಮುಖ ಆಡಿಸುತ್ತಾರೆ. ಹೊರಗೆ ಇಬ್ಬರು ಎರಡು ಕೈ ಹಿಡಿಯುತ್ತಾರೆ. ಬೆತ್ತ ಮತ್ತು ಕಾರ್ಬನ್ ಫೈಬರಿನ ಮೈ. ಇಷ್ಟು ಹಗುರ ಮಾಡಿದ ಮೇಲೆ ಹೊಸ ಕಷ್ಟ ಒಂದು ಬಂತು ನೋಡಿ. ಅಷ್ಟೆತ್ತರದ ಹಗುರ ವಸ್ತು ಬಯಲಲ್ಲಿ ಪಟದ ಹಾಗೆ. ಗಾಳಿ ಬೀಸಿದರೆ ಒಳಗಿನವರನ್ನೂ ಸೇರಿಸಿ ಎಳೆಯುತ್ತದೆ. ನಾನು ಇಷ್ಟು ವರ್ಷ ಹಗುರ ಹಗುರ ಅಂತ ಜಪ ಮಾಡಿದವನು. ಅವಳು ಗಾಳಿಗೆ ಎದುರಾಗಿ ಹೆಜ್ಜೆ ಇಡುವ ವಿಡಿಯೊ ನೋಡಿದ ಮೇಲೆ ಆ ಜಪ ಸ್ವಲ್ಪ ಕಡಿಮೆ ಆಗಿದೆ.

ಸರಿ, ಟ್ರಂಕು ತೆಗೆಯೋಣ. ಇದೇ ಆ ಘಟೋತ್ಕಚ. ತಾತ ಹೋದ ಮೇಲೆ ತಂಡದವರು ವಾಪಸ್ ಕೊಟ್ಟರು. ನಾಲ್ಕು ಸಲ ಬಿಚ್ಚಿ ಕಟ್ಟಿದ್ದೇನೆ. ತೊಡೆ ತೆಗೆದು ಬಟ್ಟೆ ಹಾಕಿದೆ. ಎದೆ ಕೊರೆದು ಟೊಳ್ಳು ಮಾಡಿದೆ. ತಲೆಯನ್ನು ಹಿಂದಿನಿಂದ ಸೀಳಿ ಒಳಗಿನ ತೇಗ ಕೆರೆದು ತೆಗೆದೆ, ಆ ಹೊಟ್ಟು ಒಂದು ಚೀಲ ಆಯಿತು. ಮುಖ ಮಾತ್ರ ಮುಟ್ಟಿಲ್ಲ. ತಾತ ಚೆನ್ನಾಗದೆ ಅಂದಿದ್ದರಲ್ಲ.

ಟ್ರಂಕು ಭಾರ ಯಾಕೆ ಅಂತೀರಾ? ಅದು ಟ್ರಂಕಿನದೇ ಭಾರ, ಹಳೇ ಕಬ್ಬಿಣ. ಬನ್ನಿ, ಒಬ್ಬೊಬ್ಬರಾಗಿ ಎತ್ತಿ ನೋಡಿ. ದಾರದ ಹಿಡಿ ಇಲ್ಲಿದೆ. ಹುಷಾರು, ಎಡಗಿವಿ ನಿನ್ನೆ ರಾತ್ರಿ ಅಂಟಿಸಿದ್ದು, ಫೆವಿಕಾಲ್ ಇನ್ನೂ ಪೂರ್ತಿ ಒಣಗಿಲ್ಲ.